ಹನ್ನೊಂದನೆಯ ಪ್ರಶ್ನೆ

ನಮೂನೆಯಲ್ಲಿ ಹದಿನಾಲ್ಕು ಪ್ರಶ್ನೆ.
ಹನ್ನೊಂದನೆಯದು: ಮನೆಯೊಳಗೆ ನಲ್ಲಿ ಇದೆಯೇ?
ಇದೆ. ಇಲ್ಲ. ಎರಡೇ ಚೌಕ,
ನನ್ನ ಕಿರುಬೆರಳ ಉಗುರಿನಷ್ಟು.

ಆ ಚೌಕ ತುಂಬಲಿಕ್ಕೆ ನಾನು
ಆಸ್ಪತ್ರೆಯ ಬಿಳಿ ಪಿಕಪ್ಪಿನಲ್ಲಿ ಗುಡ್ಡ ಹತ್ತುತ್ತೇನೆ,
ಕೊಮಾನಿಯಿಂದಾಚೆ, ಡಾಂಬರು ಮುಗಿದ ಮೇಲೂ ಒಂದು ಗಂಟೆ.
ಜೂನ್ ತಿಂಗಳು. ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ
ಹೆಪ್ಪುಗಟ್ಟಿದ ಇಬ್ಬನಿ.
ಹೆಸರು ನೊಮಲೀಜೊ, ಕೆಲಸ ಸಮಾಜ ಕಾರ್ಯಕರ್ತೆ.
ಹಳ್ಳಿಗಳಲ್ಲಿ ನನಗೆ ಇನ್ನೊಂದು ಹೆಸರಿದೆಯಂತೆ,
ಕೇಳಿದರೆ ಯಾರೂ ಬಾಯಿಬಿಡರು.

ಯಂತ್ರಗಳು ಒಂಬತ್ತು. ಒಂದು ಸದಾ ರಿಪೇರಿ.
ರಕ್ತ ತೊಳೆಸಿಕೊಳ್ಳಲು ಕಾದವರ ಪಟ್ಟಿ
ಮಡಿಸಿದರೂ ಡ್ರಾಯರಿನಲ್ಲಿ ಹಿಡಿಸದು.
ಯಾರಾದರೂ ಸತ್ತರೆ ಕುರ್ಚಿ ಖಾಲಿ.
ಆ ದಿನ ನಾವು ಜಾಗ ಸಿಕ್ಕಿತು ಎನ್ನುತ್ತೇವೆ,
ಬಸ್ಸಿನಲ್ಲಿ ಅನ್ನುವ ಹಾಗೆ.

ಗುರುವಾರ ಸಭೆ.
ಡಾಕ್ಟರ್ ಲಾಟೆಗನ್, ಮೇಟ್ರನ್, ಲೆಕ್ಕದವರು, ನಾನು.
ಹೆಸರು ಹೇಳುವಂತಿಲ್ಲ, ಬರೀ ಸಂಖ್ಯೆ,
ಯಾರ ಕಡೆಗೂ ಮನಸ್ಸು ವಾಲಬಾರದೆಂದು.
ಆ ಸಂಖ್ಯೆಗಳ ಮನೆಯಲ್ಲಿ ಚಹಾ ಕುಡಿದವಳು
ಅಲ್ಲಿ ನಾನೊಬ್ಬಳೇ.

ಇಪ್ಪತ್ತಾರು ಎಂದರೆ ನೊಸಿಪೀವೊ.
ಶಾಲೆಯ ಅಡುಗೆಯವಳು, ವಯಸ್ಸು ಮೂವತ್ತೊಂದು.
ಬಾತ ಕಾಲಿಗೆ ತಮ್ಮನ ಬೂಟು, ದಾರ ಬಿಚ್ಚಿ.
ದುಂಡು ಮನೆ, ಸಗಣಿ ಸಾರಿಸಿದ ನೆಲ.
ನಾನು ನಮೂನೆ ಬಿಡಿಸಿದ್ದನ್ನು ನೋಡಿ
ಬಾಗಿಲಾಚೆ ಕೈ ತೋರಿಸಿದಳು,
ಇನ್ನೂರು ಹೆಜ್ಜೆ ದೂರದ ಬೀದಿ ನಲ್ಲಿ:
"ಅದರ ಸದ್ದು ಇಲ್ಲಿಗೆ ಕೇಳಿಸುತ್ತದೆ, ಸಿಸಿ."
ನಾನೂ ಕಿವಿಗೊಟ್ಟೆ.
ಕೇಳಿಸಿತೋ ಇಲ್ಲವೋ,
ಇದೆ ಎಂದು ಬರೆದೆ.

ಇಪ್ಪತ್ತೇಳು ಎಂದರೆ ಲುಂಗೀಲೆ.
ಕಬ್ಬಿಣದ ಗೇಟು ಬೆಸೆಯುವವನು.
ಅಡುಗೆಮನೆ ಗೋಡೆಯಲ್ಲಿ ಕೊಳಾಯಿ ಹಾಕಿಟ್ಟಿದ್ದ,
ಹಿತ್ತಾಳೆಯದು, ಫಳಫಳ.
"ಪೈಪು ಬಂತು, ನೀರು ಇನ್ನೂ ದಾರಿಯಲ್ಲಿದೆ" ಅಂದು
ತಾನೇ ನಕ್ಕ. ತಿರುಗಿಸಿ ತೋರಿಸಿದ.
ಗಾಳಿ ಕೂಡ ಬರಲಿಲ್ಲ.
ಗಂಟೆ ನಾಲ್ಕಾಗಿತ್ತು. ಡ್ರೈವರ್ ಹಾರನ್ ಹೊಡೆಯುತ್ತಿದ್ದ.
ದಿನಕ್ಕೆ ಒಂದು ಸುಳ್ಳು ಸಾಕು ಅನ್ನಿಸಿತು ನನಗೆ.
ಎರಡು ಹೇಳಿದರೆ ಮೋಸವಾದೀತು ಅಂತ.
ಹೀಗೆಯೇ ಅನ್ನಿಸಿತು, ಆಣೆ ಮಾಡಿ ಹೇಳುತ್ತೇನೆ.

ಸಭೆ ಹತ್ತು ನಿಮಿಷ.
ವಯಸ್ಸು, ತೂಕ, ಹೃದಯ, ಸಕ್ಕರೆ, ಇಬ್ಬರದೂ ಹೆಚ್ಚುಕಮ್ಮಿ ಒಂದೇ.
ಲಾಟೆಗನ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.
ಕೆಟ್ಟವರಲ್ಲ. ಹತ್ತನೆಯ ಯಂತ್ರಕ್ಕಾಗಿ
ಏಳು ಪತ್ರ ಬರೆದವರು, ಎಂಟನೆಯದು ಜೇಬಿನಲ್ಲಿತ್ತು.
"ಹನ್ನೊಂದು?" ಅಂದರು.
ನಾನು ಓದಿದೆ.

ಲೆಕ್ಕದವರು ಕಾಗದ ಜೋಡಿಸುತ್ತ ಮೆಲ್ಲಗೆ ಹೇಳಿದರು:
ಒಂದು ಕುರ್ಚಿಯ ಒಂದು ವರ್ಷದ ಖರ್ಚಿನಲ್ಲಿ
ಮೂರು ಹಳ್ಳಿಗೆ ನೀರು ಕೊಡಬಹುದಿತ್ತು.
ಅವರ ಮಾತು ತಪ್ಪಲ್ಲ.
ತಪ್ಪಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಈಗ ಸೋಮ, ಬುಧ, ಶುಕ್ರ
ನೊಸಿಪೀವೊ ಕಿಟಕಿ ಪಕ್ಕ ಕೂತು ನಿದ್ದೆಹೋಗುತ್ತಾಳೆ,
ಬಾಯಿ ತುಸು ತೆರೆದು.
ಬೂಟು ತಮ್ಮನಿಗೆ ವಾಪಸ್ಸಾಗಿದೆ.
ಅವಳನ್ನು ನೋಡಿದರೆ ನನಗೆ ಸಂತೋಷವಾಗುತ್ತದೆ.
ಇದನ್ನು ಬರೆಯಬಾರದು ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಲುಂಗೀಲೆಯ ಹೆಂಡತಿ ಬಂದಳು,
ಹೆಗಲಿಗೆ ಕರಿ ಶಾಲು, ಕಂಕುಳಲ್ಲಿ ಕುಂಬಳಕಾಯಿ.
"ಅಷ್ಟು ದೂರ ನಮ್ಮ ಮನೆತನಕ ಬಂದಿದ್ದಿರಿ" ಅಂದಳು.
ಅದು ನನ್ನ ಮೇಜಿನ ಕೆಳಗಿದೆ.
ಹೆಚ್ಚಲೂ ಆಗಲಿಲ್ಲ, ಕೊಟ್ಟುಬಿಡಲೂ.
ಕಸ ಗುಡಿಸುವವಳು ದಿನಾ ಅದನ್ನು ಸರಿಸಿ ಗುಡಿಸಿ
ಮತ್ತೆ ಅಲ್ಲಿಗೇ ತಂದಿಡುತ್ತಾಳೆ.

ನಿನ್ನೆ ಮತ್ತೆ ಗುಡ್ಡ ಹತ್ತಿದೆ. ಮೂವತ್ತಮೂರು.
ಹನ್ನೊಂದನೆಯದು ಕೇಳಿದೆ.
ಮುದುಕ ನನ್ನ ಮುಖವನ್ನೇ ನೋಡಿ,
"ಯಾವುದು ಬರೆದರೆ ಒಳ್ಳೆಯದು, ಮಗಳೇ?" ಅಂದ.

ಚಳಿಗೆ ಪೆನ್ನು ಮೂಡಲಿಲ್ಲ.
ಬಾಯುಸಿರು ಊದಿದೆ, ಅಂಗೈಯಲ್ಲಿ ತಿಕ್ಕಿದೆ.
ಅವನು ಎದ್ದು ಹೋಗಿ
ಒಲೆಯಿಂದ ಒಂದು ಕೆಂಡ ತಂದ, ಚಿಪ್ಪಿನಲ್ಲಿಟ್ಟು,
ನನ್ನ ಕೈ ಬಿಸಿಯಾಗಲಿ ಎಂದು.